ನೆರೆ ಪರಿಹಾರದ ಕೋಟಿ ಲೆಕ್ಕದಲ್ಲಿ ಸಣ್ಣ ಪಟ್ಟಣ ಎಲ್ಲಿದೆ?

2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ಉಕ್ಕಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಹೊಲಗಳು, ನದಿದಂಡೆಯ ಊರುಗಳು ನೀರಲ್ಲಿ ನಿಂತವು. ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡಕ್ಕೂ ಸೇರಿ 1,950.80 ಕೋಟಿ ರೂಪಾಯಿ ಬಿಡುಗಡೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಮಹಾರಾಷ್ಟ್ರಕ್ಕೆ 1,566.40 ಕೋಟಿ, ಕರ್ನಾಟಕಕ್ಕೆ 384.40 ಕೋಟಿ.

ಒಂದೇ ನದಿ, ಒಂದೇ ಮಳೆಗಾಲ. ಅವರಿಗೆ ನಮ್ಮ ನಾಲ್ಕು ಪಟ್ಟು ಹೇಗೆ ಬಂತು? 384 ಕೋಟಿ ಬಂದಿದೆ ಅಂದಮೇಲೆ ಊರಲ್ಲಿ ಗೋಡೆ ಬಿದ್ದ ಮನೆಗೆ ಆರೂವರೆ ಸಾವಿರ ಮಾತ್ರ ಯಾಕೆ? ಅಂಗಡಿಗೆ ಏನೂ ಯಾಕಿಲ್ಲ? ಈ ಪ್ರಶ್ನೆಗಳು ಸಹಜ. ಉತ್ತರ ಇದೆ. ಆದರೆ ಅದು ರಾಜಕೀಯ ಭಾಷಣಗಳಲ್ಲಿ ಸಿಗುವುದಿಲ್ಲ. ಹಣ ಯಾವ ನಿಧಿಯಿಂದ, ಯಾವ ಸೂತ್ರದ ಮೇಲೆ, ಯಾವ ದರಪಟ್ಟಿಯ ಪ್ರಕಾರ ಬರುತ್ತದೆ ಅಂತ ಒಂದೊಂದಾಗಿ ಬಿಡಿಸಿ ನೋಡಬೇಕು.

384 ಕೋಟಿ ಮೊದಲೇ ಗೊತ್ತಿತ್ತು

ಆ ಹಣ ಭೀಮಾ ಪ್ರವಾಹದ ನಷ್ಟವನ್ನು ಅಳೆದು ಕೊಟ್ಟದ್ದಲ್ಲ. ಅದು ರಾಜ್ಯ ವಿಪತ್ತು ಪ್ರತಿಕ್ರಿಯೆ ನಿಧಿಗೆ, ಅಂದರೆ ಎಸ್‌ಡಿಆರ್‌ಎಫ್‌ಗೆ, ಕೇಂದ್ರ ಪ್ರತಿ ವರ್ಷ ಕೊಡಲೇಬೇಕಾದ ಪಾಲಿನ ಎರಡನೇ ಕಂತು. ಪ್ರವಾಹ ಬರದಿದ್ದರೂ ಆ ಕಂತು ಬರುತ್ತಿತ್ತು.

ಲೆಕ್ಕವನ್ನು ಯಾರು ಬೇಕಾದರೂ ಹಾಳೆಯ ಮೇಲೆ ಮಾಡಿ ನೋಡಬಹುದು. ಕೇಂದ್ರದ ಹಣ ರಾಜ್ಯಗಳಿಗೆ ಹೇಗೆ ಹಂಚಬೇಕು ಎಂದು ಹೇಳುವ 15ನೇ ಹಣಕಾಸು ಆಯೋಗ 2021-22ಕ್ಕೆ ಕರ್ನಾಟಕದ ವಿಪತ್ತು ನಿಧಿಯನ್ನು ಒಟ್ಟು 1,054 ಕೋಟಿ ಎಂದು ಗೊತ್ತುಮಾಡಿತ್ತು. ಅದರಲ್ಲಿ ಶೇ 80ರಷ್ಟು ಎಸ್‌ಡಿಆರ್‌ಎಫ್‌ಗೆ: 843 ಕೋಟಿ. ಅದರಲ್ಲಿ ಕೇಂದ್ರದ ಪಾಲು ಶೇ 75: 632 ಕೋಟಿ. ವರ್ಷಕ್ಕೆ ಎರಡು ಕಂತು, ಹಾಗಾಗಿ ಒಂದು ಕಂತು 316 ಕೋಟಿ. ಮೊತ್ತ ವರ್ಷಕ್ಕೆ ಶೇ 5ರಷ್ಟು ಏರುತ್ತದೆ. ನಾಲ್ಕು ವರ್ಷ ಏರಿಸಿದರೆ 2025-26ಕ್ಕೆ ಸಿಗುವ ಉತ್ತರ ಸುಮಾರು 384 ಕೋಟಿ.

ಮಹಾರಾಷ್ಟ್ರಕ್ಕೆ ಇದೇ ಲೆಕ್ಕ 4,296 ಕೋಟಿಯಿಂದ ಶುರುವಾಗುತ್ತದೆ. ಅದೇ ಹೆಜ್ಜೆಗಳಲ್ಲಿ ಇಳಿದರೆ 1,566 ಕೋಟಿ ಬರುತ್ತದೆ. ಅಂದರೆ ನಾಲ್ಕು ಪಟ್ಟಿನ ವ್ಯತ್ಯಾಸ 2025ರ ಮಳೆ ಬೀಳುವ ಎಷ್ಟೋ ಮೊದಲೇ ತೀರ್ಮಾನ ಆಗಿತ್ತು.

ಹಾಗಾದರೆ ಆ ಮೊದಲ ಮೊತ್ತ ಹೇಗೆ ನಿಗದಿಯಾಯಿತು? ರಾಜ್ಯವು ಹಿಂದಿನ ವರ್ಷಗಳಲ್ಲಿ ವಿಪತ್ತಿಗೆ ಮಾಡಿದ ಖರ್ಚು, ಅದರ ವಿಸ್ತೀರ್ಣ, ಜನಸಂಖ್ಯೆ, ಜೊತೆಗೆ ವಿಪತ್ತು ಅಪಾಯ ಸೂಚ್ಯಂಕ. ಇವುಗಳಲ್ಲಿ ಹಿಂದಿನ ಖರ್ಚಿಗೆ ದೊಡ್ಡ ತೂಕ ಇದೆ. ಹಿಂದೆ ಜಾಸ್ತಿ ಖರ್ಚು ಮಾಡಿದ ರಾಜ್ಯಕ್ಕೆ ಮುಂದೆಯೂ ಜಾಸ್ತಿ. ಹಿಂದೆ ಕೈ ಬಿಗಿ ಹಿಡಿದ ರಾಜ್ಯಕ್ಕೆ ಮುಂದೆಯೂ ಕಡಿಮೆ. ಕರ್ನಾಟಕದ ತಕರಾರಿನ ಬೇರು ಇಲ್ಲಿದೆ. ಅಕ್ಟೋಬರ್‌ನ ಬಿಡುಗಡೆಯ ಮೇಲೆ ಜಗಳ ಆಡಿ ಪ್ರಯೋಜನ ಇಲ್ಲ, ಸೂತ್ರದ ಮೇಲೆ ವಾದ ಮಾಡಬೇಕು.

ಕೇಂದ್ರ ಮಾಡಿದ ಉಪಕಾರ ಏನೂ ಇಲ್ಲವೇ ಅಂದರೆ, ಇದೆ. ಕಂತುಗಳು ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್‌ನಲ್ಲಿ ಬರಬೇಕು. ಡಿಸೆಂಬರ್‌ನ ಕಂತು ಅಕ್ಟೋಬರ್‌ಗೇ ಬಂತು. ಪರಿಹಾರ ಹಂಚಲು ಜಿಲ್ಲಾಧಿಕಾರಿಗಳ ಹೆಸರಲ್ಲಿರುವ ಖಾತೆಗೆ ಎರಡು ತಿಂಗಳು ಮುಂಚೆ ಹಣ ಬೀಳುವುದು ಸಣ್ಣ ವಿಷಯ ಅಲ್ಲ. ಆದರೆ ಅದು ಹೆಚ್ಚುವರಿ ಹಣವಂತೂ ಅಲ್ಲ.

ಹೆಚ್ಚುವರಿ ಹಣದ ದಾರಿ

ರಾಜ್ಯದ ನಿಧಿ ಸಾಲದಷ್ಟು ದೊಡ್ಡ ವಿಪತ್ತು ಬಂದರೆ ಮಾತ್ರ ರಾಷ್ಟ್ರೀಯ ನಿಧಿ, ಅಂದರೆ ಎನ್‌ಡಿಆರ್‌ಎಫ್. (ದೋಣಿ ತೆಗೆದುಕೊಂಡು ಬರುವ ರಕ್ಷಣಾ ಪಡೆಗೂ ಇದೇ ಹೆಸರು. ಸುದ್ದಿ ಓದುವಾಗ ಎರಡೂ ಕಲಸಿಹೋಗುತ್ತವೆ.) ರಾಜ್ಯ ಮೊದಲು ಮನವಿ ಪತ್ರ ಕೊಡಬೇಕು. ಕೇಂದ್ರದ ಅಂತರ ಸಚಿವಾಲಯ ತಂಡ ಬಂದು ಸ್ಥಳ ನೋಡುತ್ತದೆ. ಅದರ ವರದಿ ರಾಷ್ಟ್ರೀಯ ಕಾರ್ಯಕಾರಿ ಸಮಿತಿಯ ಉಪಸಮಿತಿಗೆ ಹೋಗುತ್ತದೆ. ಅಲ್ಲಿಂದ ಕೇಂದ್ರ ಗೃಹ ಸಚಿವರ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿಗೆ. ಅಲ್ಲಿ ಮಂಜೂರಾದ ಮೊತ್ತದಿಂದಲೂ, ಏಪ್ರಿಲ್ 1ರಂದು ರಾಜ್ಯದ ನಿಧಿಯಲ್ಲಿ ಉಳಿದಿದ್ದ ಹಣದ ಅರ್ಧವನ್ನು ಕಳೆಯುತ್ತಾರೆ.

ಈ ದಾರಿ ಎಷ್ಟು ಉದ್ದ ಅಂತ 2023ರ ಬರಗಾಲ ತೋರಿಸಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆ ಆಯಿತು. ಕೇಂದ್ರ ತಂಡ ಅಕ್ಟೋಬರ್‌ನಲ್ಲಿ ಬಂದು ಹೋಯಿತು. ತಿಂಗಳುಗಳು ಕಳೆದರೂ ಹಣ ಬರಲಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಏಪ್ರಿಲ್ ಕೊನೆಯಲ್ಲಿ 3,454 ಕೋಟಿ ಬಿಡುಗಡೆ ಆಯಿತು. ಮುಂಗಾರು ಬೆಳೆ ಹೋದ ರೈತ ಮುಂದಿನ ಬಿತ್ತನೆಗೆ ಹೊಲ ಹದ ಮಾಡುವ ಹೊತ್ತು ಅದು.

ಆಗ ಮೂರು ಅಂಕಿಗಳು ಜನರನ್ನು ಗೊಂದಲಕ್ಕೆ ತಳ್ಳಿದವು. ರಾಜ್ಯ ಹೇಳಿದ ಒಟ್ಟು ನಷ್ಟ 35,162 ಕೋಟಿ. ಕೇಳಿದ್ದು 18,171 ಕೋಟಿ. ಬಂದದ್ದು 3,454 ಕೋಟಿ. ಮೊದಲ ಅಂಕಿ ನಿಜವಾದ ನಷ್ಟದ ಅಂದಾಜು. ಎರಡನೆಯದು ದರಪಟ್ಟಿಯ ಬಾಬತ್ತುಗಳಲ್ಲಿ ಕೇಳಲು ಅವಕಾಶ ಇದೆ ಎಂದು ರಾಜ್ಯ ಲೆಕ್ಕ ಹಾಕಿದ್ದು. ಅದರಲ್ಲಿ 12,577 ಕೋಟಿ ಒಂದೇ ಬಾಬತ್ತಿನದು: ಜೀವನೋಪಾಯ ಕಳೆದುಕೊಂಡ ಕುಟುಂಬಗಳಿಗೆ ಕೊಡುವ ನೆರವು. ಬೆಳೆ ನಷ್ಟದ ಇನ್‌ಪುಟ್ ಸಬ್ಸಿಡಿಗೆ, ಅಂದರೆ ಬೀಜ, ಗೊಬ್ಬರದಂಥ ಖರ್ಚಿನ ನೆರವಿಗೆ, ಕೇಳಿದ್ದು 4,663 ಕೋಟಿ. ಕುಟುಂಬ ನೆರವಿನ ದೊಡ್ಡ ಬಾಬತ್ತನ್ನು ಬದಿಗಿಟ್ಟರೆ ಬಂದ ಮೊತ್ತಕ್ಕೂ ಕೇಳಿದ ಮೊತ್ತಕ್ಕೂ ಇರುವ ಅಂತರ ಬಹಳ ಕಿರಿದಾಗುತ್ತದೆ. ಜಗಳದ ತಿರುಳು ಆ ಒಂದು ಬಾಬತ್ತಿನಲ್ಲಿತ್ತು. ಚರ್ಚೆ ಮಾತ್ರ ‘ಕೊಟ್ಟರು, ಕೊಡಲಿಲ್ಲ’ ಎಂಬಲ್ಲೇ ನಿಂತಿತು.

ದರಪಟ್ಟಿ ಪಟ್ಟಣದ ಬೀದಿಗೆ ಬಂದಾಗ

ಈಗ ನಿಜವಾದ ತೊಂದರೆಗೆ ಬರೋಣ. ಯಾವ ನಿಧಿಯಿಂದ ಬಂದರೂ ಹಣ ಹಂಚುವುದು ಗೃಹ ಸಚಿವಾಲಯದ ದರಪಟ್ಟಿಯ ಪ್ರಕಾರ. ಮಾಧ್ಯಮಗಳಲ್ಲಿ ‘ಎನ್‌ಡಿಆರ್‌ಎಫ್ ಮಾರ್ಗಸೂಚಿ’ ಅಂತ ಬರುವುದು ಇದೇ. 2022ರಲ್ಲಿ ಪರಿಷ್ಕರಿಸಿದ ಪಟ್ಟಿ 2025-26ರವರೆಗೆ ಲೆಕ್ಕಕ್ಕೆ ಇತ್ತು. ಜೀವ ಹೋದರೆ ಕುಟುಂಬಕ್ಕೆ 4 ಲಕ್ಷ. ಪೂರ್ತಿ ಬಿದ್ದ ಪಕ್ಕಾ ಮನೆಗೆ ಬಯಲುಸೀಮೆಯಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ. ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಮಳೆಯಾಶ್ರಿತ ಬೆಳೆಗೆ ಹೆಕ್ಟೇರ್‌ಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ 2 ಹೆಕ್ಟೇರ್‌ವರೆಗೆ, ಬೆಳೆ ನಷ್ಟ ಶೇ 33 ದಾಟಿದ್ದರೆ.

ಈ ಪಟ್ಟಿಯನ್ನು ಓದುತ್ತಾ ಹೋದರೆ ಹಳ್ಳಿಯ ಚಿತ್ರ ಕಾಣುತ್ತದೆ. ಹೊಲ, ಹಸು, ಕೊಟ್ಟಿಗೆ, ಗುಡಿಸಲು, ಮೀನುಗಾರರ ದೋಣಿ, ನೇಕಾರರ ಸಲಕರಣೆ. ದೇಶದ ವಿಪತ್ತುಗಳು ಹೆಚ್ಚಾಗಿ ರೈತರನ್ನು ಹೊಡೆದ ಕಾಲದಲ್ಲಿ ರೂಪ ಪಡೆದ ಪಟ್ಟಿ ಇದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ 2019ರಲ್ಲಿ ಘಟಪ್ರಭಾ ಗೋಕಾಕಕ್ಕೆ ನುಗ್ಗಿದಾಗ, ಮಲಪ್ರಭಾ ರಾಮದುರ್ಗಕ್ಕೆ ನುಗ್ಗಿದಾಗ ನೀರು ನಿಂತದ್ದು ಹೊಲದಲ್ಲಿ ಮಾತ್ರ ಅಲ್ಲ, ಬೀದಿಗಳಲ್ಲೂ.

ಅಂಥ ಪಟ್ಟಣದ ಒಂದು ಬೀದಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕೆಳಗಡೆ ಕಿರಾಣಿ ಅಂಗಡಿ, ಮೇಲೆ ಮಾಲೀಕರ ಮನೆ. ಪಕ್ಕದಲ್ಲಿ ಬಾಡಿಗೆ ಮನೆ. ಅದರಾಚೆ ಹಕ್ಕುಪತ್ರ ಇಲ್ಲದ ನಾಲ್ಕೈದು ಮನೆಗಳು. ಮೂರು ದಿನ ಎದೆಮಟ್ಟ ನೀರು ನಿಂತು ಇಳಿಯಿತು ಅನ್ನೋಣ.

ಕಿರಾಣಿ ಅಂಗಡಿಯಲ್ಲಿ ಅಕ್ಕಿ, ಬೇಳೆ, ಸಕ್ಕರೆ ಮೂಟೆ ಎಲ್ಲ ಹಾಳು. ಫ್ರಿಜ್ ಹೋಯಿತು. ಉದ್ರಿ ಬರೆದಿಟ್ಟ ಪುಸ್ತಕವೂ ಹೋಯಿತು, ಅಂದರೆ ಬರಬೇಕಾದ ಬಾಕಿಗೆ ಇದ್ದ ದಾಖಲೆಯೂ ಹೋಯಿತು. ಅಂಗಡಿಯ ಸರಕಿಗೆ ಕೇಂದ್ರದ ಪಟ್ಟಿಯಲ್ಲಿ ಬಾಬತ್ತೇ ಇಲ್ಲ. ಬಾಡಿಗೆದಾರರ ಮನೆಯಲ್ಲಿ ಹಾಸಿಗೆ, ಟಿವಿ, ಮಕ್ಕಳ ಪುಸ್ತಕ ಎಲ್ಲ ನೀರುಪಾಲು. ಕಟ್ಟಡದ ಪರಿಹಾರ ಮಾಲೀಕರಿಗೆ ಹೋಗುತ್ತದೆ. ಬಾಡಿಗೆದಾರರಿಗೆ 2022ರ ಪಟ್ಟಿಯಂತೆ ಸಿಗುತ್ತಿದ್ದದ್ದು ಬಟ್ಟೆಗೆ 2,500, ಪಾತ್ರೆಪಗಡಕ್ಕೆ 2,500. ಹಕ್ಕುಪತ್ರ ಇಲ್ಲದವರ ಕಷ್ಟ ಇನ್ನೂ ದೊಡ್ಡದು. ಹಾನಿಯಾದ ಮನೆ ಅಧಿಕೃತ ಕಟ್ಟಡ ಎಂದು ರಾಜ್ಯದ ಅಧಿಕಾರಿ ದೃಢೀಕರಿಸಬೇಕು ಅನ್ನುತ್ತದೆ ನಿಯಮ. ನದಿದಂಡೆಯಲ್ಲಿ, ಗುಡ್ಡದ ಇಳಿಜಾರಿನಲ್ಲಿ ಮನೆ ಕಟ್ಟಿಕೊಂಡವರು ಹೆಚ್ಚಾಗಿ ಬೇರೆ ಜಾಗ ಕೊಳ್ಳಲಾಗದೆ ಅಲ್ಲಿಗೆ ಬಂದ ಬಡವರು. ಅಪಾಯ ಎಲ್ಲಿ ಜಾಸ್ತಿಯೋ ಅಲ್ಲೇ ದಾಖಲೆ ಕಡಿಮೆ. ಪರಿಹಾರ ದಾಖಲೆ ನೋಡಿ ಬರುತ್ತದೆ. ಹೀಗಾಗಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರೇ ಪಟ್ಟಿಯಿಂದ ಹೊರಗೆ ಉಳಿಯುತ್ತಾರೆ. ಇಡೀ ವ್ಯವಸ್ಥೆಯಲ್ಲಿ ತುರ್ತಾಗಿ ಸರಿಯಾಗಬೇಕಾದ ಅನ್ಯಾಯ ಇದೇ.

ಇದರ ಪರಿಣಾಮ ಮನೆಗಳಿಗಷ್ಟೇ ನಿಲ್ಲುವುದಿಲ್ಲ. ಅಂಗಡಿಯವರ ಕೈ ಖಾಲಿಯಾದರೆ ಅವರು ಸಾಲ ತರುತ್ತಾರೆ, ಕೆಲಸದ ಹುಡುಗರನ್ನು ಬಿಡಿಸುತ್ತಾರೆ, ಉದ್ರಿ ಕೊಡುವುದು ನಿಲ್ಲಿಸುತ್ತಾರೆ. ಸುತ್ತಲಿನ ಹಳ್ಳಿಯ ರೈತರು ಬಿತ್ತನೆ ಕಾಲದಲ್ಲಿ ಬೀಜ, ಗೊಬ್ಬರ ಉದ್ರಿ ತರುವುದು ಇದೇ ಪಟ್ಟಣದ ಅಂಗಡಿಗಳಿಂದ. ಪಟ್ಟಣದ ಪೇಟೆ ಚೇತರಿಸಿಕೊಳ್ಳದಿದ್ದರೆ ಹಳ್ಳಿಯೂ ಚೇತರಿಸಿಕೊಳ್ಳುವುದಿಲ್ಲ. ಪುರಸಭೆಯ ಸ್ಥಿತಿಯೂ ಕಷ್ಟವೇ. ತೆರಿಗೆ ಕಟ್ಟುವವರು ಕಟ್ಟಲಾರದ ವರ್ಷದಲ್ಲೇ ಚರಂಡಿ, ಕುಡಿಯುವ ನೀರಿನ ಪೈಪು, ಬೀದಿದೀಪ ಎಲ್ಲ ದುರಸ್ತಿಗೆ ಬರುತ್ತವೆ.

ಯಾರ ವಾದ ಏನು?

ಕೇಂದ್ರದ ನಿಲುವು ಸರಳ. ವಿಪತ್ತು ನಿರ್ವಹಣೆಯ ಮೊದಲ ಹೊಣೆ ರಾಜ್ಯದ್ದು. ಈ ಹಣ ತಕ್ಷಣದ ಆಸರೆಗೆ, ನಷ್ಟ ತುಂಬಿಕೊಡುವುದಕ್ಕಲ್ಲ. ದರ ದೇಶಕ್ಕೆಲ್ಲ ಒಂದೇ ಇರಬೇಕು, ಇಲ್ಲದಿದ್ದರೆ ರಾಜಕೀಯ ಬಲ ಇರುವ ರಾಜ್ಯ ಜಾಸ್ತಿ ಕಿತ್ತುಕೊಳ್ಳುತ್ತದೆ. ಸೂತ್ರ ಇದ್ದರೆ ಹಣ ಖಚಿತವಾಗಿ, ಹೇಳಿದ ಹೊತ್ತಿಗೆ ಬರುತ್ತದೆ. ಈ ಕೊನೆಯ ಮಾತಿನಲ್ಲಿ ಹುರುಳಿದೆ. ಪ್ರತಿ ಸಲ ದೆಹಲಿಗೆ ಹೋಗಿ ಕೈಯೊಡ್ಡುವುದಕ್ಕಿಂತ ಖಾತೆಯಲ್ಲಿ ಹಣ ಇರುವುದು ಒಳ್ಳೆಯದು.

ರಾಜ್ಯಗಳ ವಾದ ಬೇರೆ. ದರ ತೀರಾ ಕಡಿಮೆ, 1.20 ಲಕ್ಷದಲ್ಲಿ ಮನೆ ಆಗುವುದಿಲ್ಲ. ಸಿಮೆಂಟ್, ಕಬ್ಬಿಣದ ಬೆಲೆ ವರ್ಷವರ್ಷ ಏರುತ್ತದೆ, ದರಪಟ್ಟಿ ವರ್ಷಗಟ್ಟಲೆ ಹಾಗೇ ನಿಂತಿರುತ್ತದೆ. ದೊಡ್ಡ ವಿಪತ್ತಿನಲ್ಲಿ ತೀರ್ಮಾನ ತಡವಾಗುತ್ತದೆ. ಇದೂ ನಿಜವೇ.

ಎರಡೂ ಕಡೆಯವರು ಬಿಟ್ಟ ಮಾತು ಒಂದಿದೆ. ಪುರಸಭೆ, ಪಟ್ಟಣ ಪಂಚಾಯಿತಿಗೆ ಈ ಇಡೀ ಲೆಕ್ಕದಲ್ಲಿ ದನಿಯೇ ಇಲ್ಲ. ಹಣ ಜಿಲ್ಲಾಧಿಕಾರಿ, ತಹಶೀಲ್ದಾರ್ ಮೂಲಕ ಇಳಿಯುತ್ತದೆ. ಚರಂಡಿ ಎಲ್ಲಿ ಕಟ್ಟಿಕೊಳ್ಳುತ್ತದೆ, ಯಾವ ವಾರ್ಡ್‌ಗೆ ಮೊದಲು ನೀರು ನುಗ್ಗುತ್ತದೆ ಅಂತ ಗೊತ್ತಿರುವ ಮುಖ್ಯಾಧಿಕಾರಿ ಮತ್ತು ಸದಸ್ಯರ ಕೈಯಲ್ಲಿ ತೀರ್ಮಾನವೂ ಇಲ್ಲ, ದುಡ್ಡೂ ಇಲ್ಲ.

ರಾಜ್ಯ ಮೇಲಿಂದ ಹಾಕುವ ಹಣ

ದರ ಸಾಲದು ಅಂತ ಗೊತ್ತಿರುವುದರಿಂದಲೇ ರಾಜ್ಯ ಸರ್ಕಾರಗಳು ಬೊಕ್ಕಸದಿಂದ ಹೆಚ್ಚುವರಿ ಕೊಡುತ್ತವೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆ, ಜಂಬೂರಿನಲ್ಲಿ ಮನೆ ಕಟ್ಟಿದಾಗ ಒಂದಕ್ಕೆ ತಗುಲಿದ್ದು 10 ಲಕ್ಷದ ಹತ್ತಿರ. ಆಗ ಗುಡ್ಡಗಾಡಿನ ಮನೆಗೆ ಕೇಂದ್ರದ ದರ 1,01,900. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ 5 ಲಕ್ಷ ಘೋಷಿಸಿತು, ಬಯಲುಸೀಮೆಯ ದರ 95,100 ಇದ್ದಾಗ. 2025ರಲ್ಲಿ ಬೆಳೆ ನಷ್ಟಕ್ಕೆ ಹೆಕ್ಟೇರ್‌ಗೆ 8,500 ಹೆಚ್ಚುವರಿ ಸೇರಿಸಿತು, ಮಳೆಯಾಶ್ರಿತ ಬೆಳೆಯ ಮೊತ್ತ 17,000 ಆಯಿತು.

ಜನರಿಗೆ ಇದರಿಂದ ಉಪಕಾರ ಆಗಿದೆ, ಅನುಮಾನ ಇಲ್ಲ. ಆದರೆ ಇಲ್ಲೊಂದು ತೊಡಕು ಇದೆ. ಹೆಚ್ಚುವರಿ ಎಷ್ಟು ಎಂಬುದು ಆ ವರ್ಷದ ಬೊಕ್ಕಸ, ಆ ವರ್ಷದ ಸುದ್ದಿ, ಆ ವರ್ಷದ ಒತ್ತಡದ ಮೇಲೆ ನಿಂತಿದೆ. ಇಡೀ ರಾಜ್ಯದ ಗಮನ ಸೆಳೆದ ವಿಪತ್ತಿಗೆ ಜಾಸ್ತಿ ಸಿಗುತ್ತದೆ. ಒಂದೇ ಪಟ್ಟಣದಲ್ಲಿ ಹಳ್ಳ ಉಕ್ಕಿ ಮೂವತ್ತು ಮನೆ ಹೋದರೆ ಅದು ಜಿಲ್ಲಾ ಪುಟದ ಸುದ್ದಿ. ಅಲ್ಲಿ ಬರೀ ದರಪಟ್ಟಿ. ಮನೆ ಕಳೆದುಕೊಂಡ ಕುಟುಂಬಕ್ಕೆ ಎರಡೂ ನಷ್ಟ ಒಂದೇ ಅಲ್ವಾ?

ಇನ್ನೊಂದು ಪರಿಣಾಮವೂ ಇದೆ. ಪೂರ್ತಿ ಬಿದ್ದ ಮನೆಗೂ ಅರ್ಧ ಬಿದ್ದ ಮನೆಗೂ ಮೊತ್ತದ ಅಂತರ ದೊಡ್ಡದಾದಷ್ಟೂ ಸಮೀಕ್ಷೆಯ ಮೇಲೆ ಒತ್ತಡ ಜಾಸ್ತಿ. ಹಾನಿ ಎಷ್ಟು ಎಂದು ನೋಡಿ ಎ, ಬಿ, ಸಿ ಎಂದು ಮನೆಗಳನ್ನು ವಿಂಗಡಿಸುವ ಆ ಒಂದು ಅಕ್ಷರ ಕುಟುಂಬವೊಂದರ ಮುಂದಿನ ಹತ್ತು ವರ್ಷ ನಿರ್ಧರಿಸುತ್ತದೆ. ಅದಕ್ಕೇ ತಹಶೀಲ್ದಾರ್ ಕಚೇರಿ ಮುಂದೆ ಅಷ್ಟು ತಕರಾರು ಅರ್ಜಿಗಳು.

ಮತ್ತೆ ಕಟ್ಟುವ ಹಣ

15ನೇ ಹಣಕಾಸು ಆಯೋಗ ಒಂದು ಒಳ್ಳೆಯ ಬದಲಾವಣೆ ತಂದಿತು. ಅದಕ್ಕೆ ಮುಂಚೆ ನಿಧಿ ಅಂದರೆ ಬರೀ ತಕ್ಷಣದ ಪರಿಹಾರ. ಆಯೋಗ ಒಟ್ಟು ಮೊತ್ತವನ್ನು ಭಾಗ ಮಾಡಿತು: ಶೇ 40 ತಕ್ಷಣದ ಪರಿಹಾರಕ್ಕೆ, ಶೇ 30 ಪುನಶ್ಚೇತನ ಮತ್ತು ಮರುನಿರ್ಮಾಣಕ್ಕೆ, ಶೇ 10 ಸಿದ್ಧತೆಗೆ, ಶೇ 20 ಅಪಾಯ ತಗ್ಗಿಸುವ ಕೆಲಸಕ್ಕೆ. ಐದು ವರ್ಷಕ್ಕೆ ಎಲ್ಲ ರಾಜ್ಯಗಳಿಗೆ ಸೇರಿ 1,60,153 ಕೋಟಿ.

ಮರುನಿರ್ಮಾಣದ ಹಣ ಹೇಗೆ ಬರುತ್ತದೆ ಅನ್ನುವುದಕ್ಕೆ ಕೇರಳದ ವಯನಾಡು ನಮ್ಮ ಪಕ್ಕದಲ್ಲೇ ಇದೆ. 2024ರ ಜುಲೈ 30ರಂದು ಭೂಕುಸಿತದಲ್ಲಿ ಅಲ್ಲಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದವು. ಮರುನಿರ್ಮಾಣಕ್ಕೆ ಬೇಕು ಎಂದು ಕೇರಳ ಲೆಕ್ಕ ಹಾಕಿದ್ದು ಸುಮಾರು 2,221 ಕೋಟಿ. 2025ರ ಫೆಬ್ರುವರಿಯಲ್ಲಿ ಕೇಂದ್ರ 529.50 ಕೋಟಿ ಬಡ್ಡಿರಹಿತ ಸಾಲ ಕೊಟ್ಟಿತು, ಮಾರ್ಚ್ 31ರೊಳಗೆ ಖರ್ಚು ಮಾಡಬೇಕು ಎಂಬ ಷರತ್ತಿನ ಮೇಲೆ. ಮರುನಿರ್ಮಾಣದ ಬಾಬತ್ತಿನಲ್ಲಿ 260.56 ಕೋಟಿಗೆ ಒಪ್ಪಿಗೆ ಸಿಕ್ಕಿದ್ದು 2025ರ ಅಕ್ಟೋಬರ್‌ನಲ್ಲಿ, ಅಂದರೆ ಹದಿನಾಲ್ಕು ತಿಂಗಳ ನಂತರ. ಇಡೀ ದೇಶ ನೋಡಿದ ದುರಂತಕ್ಕೆ ಇಷ್ಟು ಕಾಲ ಬೇಕಾಯಿತು ಅಂದರೆ ಸಣ್ಣ ಪಟ್ಟಣದ ಸಣ್ಣ ದುರಂತಕ್ಕೆ ಈ ಬಾಗಿಲು ಬಹುಪಾಲು ಮುಚ್ಚಿದಂತೆಯೇ. ಹಾನಿಯ ಅಂದಾಜು ವರದಿ ತಯಾರಿಸಲು ಬೇಕಾದ ಎಂಜಿನಿಯರುಗಳೇ ಅಲ್ಲಿ ಇರುವುದಿಲ್ಲ.

ಹಣ ಬಂದರೂ ಸಾಲದು, ಅದನ್ನು ಎಲ್ಲಿ ಹಾಕುತ್ತೇವೆ ಎಂಬುದೂ ಮುಖ್ಯ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ದಾನಿಗಳ ನೆರವಿನಿಂದ ಹೊಸ ಜಾಗಗಳಲ್ಲಿ ‘ಆಸರೆ’ ಮನೆಗಳು ಎದ್ದವು. ಹೊಲ ದೂರ, ಕೊಟ್ಟಿಗೆಗೆ ಜಾಗ ಇಲ್ಲ, ನೀರು ಸರಿಯಿಲ್ಲ ಎಂದು ಎಷ್ಟೋ ಕುಟುಂಬಗಳು ಹಳೆಯ ಊರಿಗೇ ಮರಳಿದವು. ಮುಂದಿನ ನೆರೆಯಲ್ಲಿ ಅದೇ ಮನೆಗಳಿಗೆ ಮತ್ತೆ ನೀರು ಬಂತು, ಮತ್ತೆ ಪರಿಹಾರ ಕೊಡಬೇಕಾಯಿತು.

ತಡೆಯುವ ಹಣ ಎಲ್ಲಿಗೆ ಹೋಗುತ್ತಿದೆ?

ಆ ಶೇ 20, ಅಂದರೆ ಅಪಾಯ ತಗ್ಗಿಸುವ ನಿಧಿ, ಸಣ್ಣ ಪಟ್ಟಣಗಳಿಗೆ ನಿಜವಾಗಿ ಬೇಕಾದದ್ದು. ತಡೆಗೋಡೆ, ರಾಜಕಾಲುವೆ, ಇಳಿಜಾರು ಭದ್ರ ಮಾಡುವುದು, ಮುನ್ನೆಚ್ಚರಿಕೆ ಯಂತ್ರ, ಎಲ್ಲ ಇದರಲ್ಲಿ ಬರುತ್ತವೆ. 2021-22ರ ಲೆಕ್ಕದಲ್ಲಿ ಕರ್ನಾಟಕಕ್ಕೆ ಇದು ಸುಮಾರು 210 ಕೋಟಿ. ಇಡೀ ರಾಜ್ಯಕ್ಕೆ ಹಂಚಿದರೆ ದೊಡ್ಡ ಮೊತ್ತ ಅಲ್ಲ, ನಿಜ. ಆದರೆ ಒಂದು ಪಟ್ಟಣದ ರಾಜಕಾಲುವೆ ಸರಿ ಮಾಡಲು ಬೇಕಾಗುವುದೂ ನೂರಾರು ಕೋಟಿ ಅಲ್ಲ.

ರಾಷ್ಟ್ರೀಯ ಮಟ್ಟದಲ್ಲಿ ಈ ಹಣದ ಒಲವು ಎತ್ತ ಇದೆ ನೋಡಿ. ನಗರ ಪ್ರವಾಹ ತಡೆಯುವ ಮೊದಲ ಹಂತದ ಯೋಜನೆಯಲ್ಲಿ ಚೆನ್ನೈ, ಮುಂಬೈ, ಕೋಲ್ಕತ್ತ, ಬೆಂಗಳೂರು, ಹೈದರಾಬಾದ್, ಅಹಮದಾಬಾದ್, ಪುಣೆ. ಎರಡನೇ ಹಂತದಲ್ಲಿ ಇನ್ನೂ ಹನ್ನೊಂದು ನಗರ, ಅವೂ ದೊಡ್ಡವೇ. 2025ರ ವಿಪತ್ತು ನಿರ್ವಹಣಾ ತಿದ್ದುಪಡಿ ಕಾಯ್ದೆ ನಗರಗಳಿಗೆ ಪ್ರತ್ಯೇಕ ವಿಪತ್ತು ಪ್ರಾಧಿಕಾರ ರಚಿಸಲು ಅವಕಾಶ ಕೊಟ್ಟಿತು. ಅದೂ ರಾಜಧಾನಿಗಳಿಗೆ ಮತ್ತು ಮಹಾನಗರ ಪಾಲಿಕೆ ಇರುವ ಊರುಗಳಿಗೆ ಮಾತ್ರ. ಗೋಕಾಕ, ಮಡಿಕೇರಿ, ಅಂಕೋಲಾದಂಥ ಊರುಗಳು ಈ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಹಳ್ಳಿಯ ದರಪಟ್ಟಿಗೆ ಅವು ತೀರಾ ಪಟ್ಟಣ, ನಗರದ ಯೋಜನೆಗೆ ತೀರಾ ಸಣ್ಣವು.

ಭೂಕುಸಿತದ ವಿಷಯದಲ್ಲಿ ಮಾತ್ರ ಒಂದು ಕಿಂಡಿ ತೆರೆದಿದೆ. 2024ರ ನವೆಂಬರ್‌ನಲ್ಲಿ 15 ರಾಜ್ಯಗಳಿಗೆ ಮಂಜೂರಾದ 1,000 ಕೋಟಿ ಯೋಜನೆಯಲ್ಲಿ ಕರ್ನಾಟಕಕ್ಕೆ 72 ಕೋಟಿ ಇದೆ. ಅದೇ ವರ್ಷ ಜುಲೈನಲ್ಲಿ ಅಂಕೋಲಾ ಬಳಿ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದು ಜನ ಸತ್ತರು. 72 ಕೋಟಿಯಲ್ಲಿ ಎಷ್ಟು ಇಳಿಜಾರು ಭದ್ರ ಮಾಡಬಹುದು? ಕೆಲವನ್ನು ಮಾತ್ರ. ಹಾಗಾಗಿ ಯಾವುದು ಮೊದಲು ಎಂಬ ಆಯ್ಕೆ ಬಹಿರಂಗವಾಗಿ ಆಗಬೇಕು.

ಮುಂದಿನ ಐದು ವರ್ಷ

15ನೇ ಆಯೋಗದ ಅವಧಿಯೂ ಹಳೆಯ ದರಪಟ್ಟಿಯ ಅವಧಿಯೂ 2026ರ ಮಾರ್ಚ್‌ಗೆ ಕೊನೆ. 2026ರಿಂದ 2031ರವರೆಗಿನದು 16ನೇ ಆಯೋಗದ ಲೆಕ್ಕ. ಅವಧಿ ಬದಲಾಗುವ ಹೊತ್ತಿನಲ್ಲಿ ಕೇಳಬೇಕಾದ್ದು ಸುಮ್ನೆ ‘ಇನ್ನಷ್ಟು ಕೊಡಿ’ ಅಂತ ಅಲ್ಲ. ದರಪಟ್ಟಿಯಲ್ಲಿ ಅಂಗಡಿಗೆ, ಬಾಡಿಗೆದಾರರಿಗೆ ಬಾಬತ್ತು ಬೇಕು. ಮನೆಯಲ್ಲಿ ವಾಸ ಇದ್ದದ್ದಕ್ಕೆ ರೇಷನ್ ಕಾರ್ಡ್, ವಿದ್ಯುತ್ ಬಿಲ್ ಸಾಕು ಅನ್ನುವ ನಿಯಮ ಬೇಕು. ದರ ಬೆಲೆಏರಿಕೆಗೆ ತಕ್ಕಂತೆ ವರ್ಷವರ್ಷ ಏರಬೇಕು. ನಿಧಿಯ ಮೊತ್ತಕ್ಕೇ ವರ್ಷಕ್ಕೆ ಶೇ 5 ಏರಿಕೆ ಇರುವಾಗ ಕುಟುಂಬಕ್ಕೆ ಕೊಡುವ ದರ ನಿಂತಲ್ಲೇ ಇರಲು ಕಾರಣ ಏನು?

ದೆಹಲಿ, ಬೆಂಗಳೂರು ಬದಲಾಗುವವರೆಗೆ ಪಟ್ಟಣಗಳು ಕಾಯಬೇಕಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರತಿ ಜಿಲ್ಲೆಗೂ ವಿಪತ್ತು ಯೋಜನೆ ಇರಬೇಕು ಎನ್ನುತ್ತದೆ. ಸ್ಥಳೀಯ ಸಂಸ್ಥೆಗಳ ಕರ್ತವ್ಯವನ್ನೂ ಅದು ಹೇಳುತ್ತದೆ. ಪುರಸಭೆಯ ಸಾಮಾನ್ಯ ಸಭೆಯಲ್ಲಿ ಮಳೆಗಾಲಕ್ಕೆ ಮುಂಚೆ ನಾಲ್ಕು ವಿಷಯ ಕೇಳಬಹುದು. ಹಿಂದಿನ ನೆರೆಗಳಲ್ಲಿ ನೀರು ಯಾವ ವಾರ್ಡ್‌ನಲ್ಲಿ ಎಲ್ಲಿವರೆಗೆ ಬಂದಿತ್ತು ಎಂಬ ನಕ್ಷೆ ಇದೆಯಾ? ಅಲ್ಲಿನ ಬಾಡಿಗೆದಾರರ, ಅಂಗಡಿಗಳ, ಹಕ್ಕುಪತ್ರ ಇಲ್ಲದ ಮನೆಗಳ ಪಟ್ಟಿ ಈಗಲೇ ಆಗಿದೆಯಾ? ಜಿಲ್ಲೆಯ ವಿಪತ್ತು ಯೋಜನೆಯಲ್ಲಿ ನಮ್ಮ ಪಟ್ಟಣದ ಹೆಸರು ಯಾವ ಪುಟದಲ್ಲಿದೆ? ಅಪಾಯ ತಗ್ಗಿಸುವ ನಿಧಿಗೆ ಇಲ್ಲಿಂದ ಒಂದಾದರೂ ಪ್ರಸ್ತಾವ ಜಿಲ್ಲಾಧಿಕಾರಿಗಳಿಗೆ ಹೋಗಿದೆಯಾ? ಹೋಗಿದ್ದರೆ ಅದರ ದಿನಾಂಕ ಕೇಳಿ. ಹೋಗಿಲ್ಲ ಅಂದರೆ ಅದೇ ಸಭೆಯಲ್ಲಿ ಠರಾವು ಮಾಡಿ ಕಳಿಸಬಹುದು.